ಮುಸುಕಿನ ಜೋಳದ ಸಿಹಿಪಾಕಕ್ಕೆ ಅಂಜಬೇಕೆ?



ಈಚೆಗೆ ನಮ್ಮ ಹಳ್ಳಿಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ. ಅಮೆರಿಕ ದೇಶದವರು ಮುಸುಕಿನ ಜೋಳದಿಂದ ಒಂದು ಸಿಹಿಪಾಕ ಮಾಡುತ್ತಾರೆ. ಅದನ್ನು ತಿಂದೇ ಆ ಜನರಿಗೆ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಬಂದಿವೆ. ಆದುದರಿಂದ ಆ ಪಾಕ ಸೇರಿದ ಪದಾರ್ಥವನ್ನು ಮುಟ್ಟಬಾರದು ಎಂಬುದೇ ಆ ಮಾತು. ಮೊಬೈಲಿನಲ್ಲಿ ಬಂದ ಈ ಸುದ್ದಿಯನ್ನು ಕೇಳಿ ಕೆಲವರು, "ಹಾಗಾದರೆ ನಾವು ಬೆಳೆಯುವ ಜೋಳವೂ ಕೆಟ್ಟದ್ದೇ?" ಎಂದು ಕೇಳುತ್ತಾರೆ. ಮತ್ತೆ ಕೆಲವರು, "ನಮ್ಮದು ಕಬ್ಬಿನ ಸಕ್ಕರೆ, ನಮಗೇನು ಭಯ?" ಎಂದು ಸಮಾಧಾನ ಪಡುತ್ತಾರೆ. ಈ ಎರಡು ತೀರ್ಮಾನಗಳೂ ಸರಿಯಲ್ಲ. ಎರಡನೆಯದಂತೂ ಮೊದಲನೆಯದಕ್ಕಿಂತ ಹೆಚ್ಚು ಹಾನಿಕರ. ಏಕೆ ಎಂಬುದನ್ನು ಈ ಪಾಠದಲ್ಲಿ ಹಂತಹಂತವಾಗಿ ತಿಳಿಯೋಣ.

ಪಾಕ ಎಂದರೆ ಏನು?

ಅದರ ಪೂರ್ಣ ಹೆಸರು ಹೈ ಫ್ರಕ್ಟೋಸ್ ಕಾರ್ನ್ ಸಿರಪ್. ಕಾರ್ನ್ ಎಂದರೆ ನಮ್ಮ ಮುಸುಕಿನ ಜೋಳ, ಕೆಲವು ಕಡೆ ಇದನ್ನು ಗೋವಿನ ಜೋಳ, ಮೆಕ್ಕೆಜೋಳ ಎಂದೂ ಕರೆಯುವರು. ಸಿರಪ್ ಎಂದರೆ ಪಾಕ. ಫ್ರಕ್ಟೋಸ್ ಎಂಬುದು ಒಂದು ಬಗೆಯ ಸಿಹಿ. ಹಣ್ಣಿನಲ್ಲಿಯೂ ಜೇನಿನಲ್ಲಿಯೂ ಇದು ಸಹಜವಾಗಿರುತ್ತದೆ.

ಒಣಗಿದ ಮುಸುಕಿನ ಜೋಳದ ಕಾಳಿನಲ್ಲಿ ನೂರಕ್ಕೆ ಸುಮಾರು ೭೦ ಪಾಲು ಪಿಷ್ಟವಿರುತ್ತದೆ. ಪಿಷ್ಟವೆಂದರೆ ಗ್ಲೂಕೋಸ್ ಎಂಬ ಸಣ್ಣ ಸಣ್ಣ ಸಿಹಿಮಣಿಗಳನ್ನು ಪೋಣಿಸಿದ ಉದ್ದನೆಯ ಸರವೆಂದು ಭಾವಿಸಿರಿ. ಸರವಾಗಿರುವಾಗ ಅದಕ್ಕೆ ಸಿಹಿಯಿಲ್ಲ. ಸರ ಕಡಿದು ಮಣಿಗಳು ಬಿಡಿಯಾದಾಗ ಸಿಹಿ ಬರುತ್ತದೆ. ಇದನ್ನು ನೀವು ಮನೆಯಲ್ಲಿಯೇ ಕಂಡಿದ್ದೀರಿ. ರೊಟ್ಟಿಯ ಚೂರನ್ನು ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ ಸಾಮಾನ್ಯ ರಾಗಿಯ ಗಂಜಿಗಿಂತ ಸಿಹಿಯಾಗಿಯೂ ತೆಳುವಾಗಿಯೂ ಇರುತ್ತದೆ. ಜೊಲ್ಲಿನಲ್ಲಿಯೂ ಮೊಳಕೆಯಲ್ಲಿಯೂ ಇರುವ ಕಿಣ್ವಗಳು ಆ ಸರವನ್ನು ಕಡಿಯುವುದೇ ಇದಕ್ಕೆ ಕಾರಣ.

ಕಾರ್ಖಾನೆಯಲ್ಲಿ ನಡೆಯುವುದೂ ಇದೇ ಕೆಲಸ. ಜೋಳದಿಂದ ಪಿಷ್ಟವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಕಿಣ್ವಗಳನ್ನು ಸೇರಿಸಿ ಅದನ್ನು ಗ್ಲೂಕೋಸ್ ಪಾಕವನ್ನಾಗಿ ಮಾಡುತ್ತಾರೆ. ಗ್ಲೂಕೋಸಿಗೆ ಸಕ್ಕರೆಯಷ್ಟು ಸಿಹಿಯಿಲ್ಲ. ಆದುದರಿಂದ ಇನ್ನೊಂದು ಕಿಣ್ವದ ಸಹಾಯದಿಂದ ಗ್ಲೂಕೋಸಿನ ಒಂದು ಭಾಗವನ್ನು ಫ್ರಕ್ಟೋಸ್ ಆಗಿ ಮಾರ್ಪಡಿಸುತ್ತಾರೆ. ಫ್ರಕ್ಟೋಸಿಗೆ ಸಕ್ಕರೆಗಿಂತ ಸಿಹಿ ಹೆಚ್ಚು. ಎರಡೂ ಬೆರೆತ ಪಾಕವು ಹೆಚ್ಚುಕಡಿಮೆ ಸಕ್ಕರೆಯಷ್ಟೇ ಸಿಹಿಯಾಗಿರುತ್ತದೆ.

ಈ ಪಾಕದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ನೀರನ್ನು ಬಿಟ್ಟು ಲೆಕ್ಕ ಹಾಕಿದರೆ, ಮೊದಲನೆಯದರಲ್ಲಿ ನೂರಕ್ಕೆ ೪೨ ಪಾಲು, ಎರಡನೆಯದರಲ್ಲಿ ನೂರಕ್ಕೆ ೫೫ ಪಾಲು ಫ್ರಕ್ಟೋಸ್ ಇರುತ್ತದೆ. ಉಳಿದುದು ಬಹುಪಾಲು ಗ್ಲೂಕೋಸ್. ಅಮೆರಿಕದಲ್ಲಿ ಮೊದಲನೆಯದನ್ನು ಬ್ರೆಡ್ಡು, ಡಬ್ಬಿಯ ಹಣ್ಣು ಮುಂತಾದುವುಗಳಿಗೂ, ಎರಡನೆಯದನ್ನು ತಂಪು ಪಾನೀಯಗಳಿಗೂ ಬಳಸುವರು.

ನಮ್ಮ ಸಕ್ಕರೆಯಲ್ಲಿ ಏನಿದೆ?

ಹೆಸರಿನಲ್ಲಿ "ಹೈ" ಎಂದಿರುವುದರಿಂದ ಈ ಪಾಕದಲ್ಲಿ ಫ್ರಕ್ಟೋಸ್ ವಿಪರೀತವಾಗಿದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಸಾಧಾರಣ ಗ್ಲೂಕೋಸ್ ಪಾಕಕ್ಕೆ ಹೋಲಿಸಿದರೆ ಹೆಚ್ಚು ಎಂಬಷ್ಟೇ ಆ ಪದದ ಅರ್ಥ. ಈಗ ಈ ಪಟ್ಟಿಯನ್ನು ನೋಡಿರಿ.

ಕಬ್ಬಿನ ಸಕ್ಕರೆ: ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್, ಎರಡೂ ಜೊತೆಯಾಗಿ ಕಟ್ಟಿಕೊಂಡಿರುತ್ತವೆ.
ಜೋಳದ ಪಾಕ, ಮೊದಲನೆಯ ಬಗೆ: ಫ್ರಕ್ಟೋಸ್ ನೂರಕ್ಕೆ ೪೨.
ಜೋಳದ ಪಾಕ, ಎರಡನೆಯ ಬಗೆ: ಫ್ರಕ್ಟೋಸ್ ನೂರಕ್ಕೆ ೫೫.
ಜೇನುತುಪ್ಪ: ಫ್ರಕ್ಟೋಸ್ ನೂರಕ್ಕೆ ಸುಮಾರು ೩೮, ಗ್ಲೂಕೋಸ್ ಸುಮಾರು ೩೧, ಉಳಿದುದರಲ್ಲಿ ಹೆಚ್ಚಿನದು ನೀರು.
ಬೆಲ್ಲ: ಬಹುಪಾಲು ಕಬ್ಬಿನ ಸಕ್ಕರೆಯೇ, ಜೊತೆಗೆ ಸ್ವಲ್ಪ ಲವಣಾಂಶ, ಸ್ವಲ್ಪ ತೇವ.

ಸಕ್ಕರೆಯ ಜೋಡಿಯು ನಮ್ಮ ಸಣ್ಣ ಕರುಳಿನಲ್ಲಿ ಬೇಗನೆ ಬಿಡಿಸಿಕೊಳ್ಳುತ್ತದೆ. ಆ ಬಳಿಕ ರಕ್ತಕ್ಕೆ ಸೇರುವುದು ಅದೇ ಗ್ಲೂಕೋಸ್, ಅದೇ ಫ್ರಕ್ಟೋಸ್. ಅದು ಕಬ್ಬಿನ ಗದ್ದೆಯಿಂದ ಬಂತೋ ಜೋಳದ ಹೊಲದಿಂದ ಬಂತೋ ಎಂಬುದು ದೇಹಕ್ಕೆ ತಿಳಿಯದು. ಒಂದು ಗ್ರಾಂ ಸಿಹಿಯಿಂದ ಬರುವ ಶಕ್ತಿಯೂ ಒಂದೇ, ಸುಮಾರು ೪ ಕ್ಯಾಲೊರಿ. ಯೂರಿಯಾ ಚೀಲದ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿರುವ ಸಾರಜನಕ ನೂರಕ್ಕೆ ೪೬ ಪಾಲೇ ಅಲ್ಲವೇ? ಬೆಳೆ ನೋಡುವುದು ಸಾರಜನಕವನ್ನು, ಚೀಲವನ್ನಲ್ಲ.

ಅಮೆರಿಕದಲ್ಲಿ ಇದು ಹೇಗೆ ಹಬ್ಬಿತು?

೧೯೫೭ರಲ್ಲಿ ರಿಚರ್ಡ್ ಮಾರ್ಷಲ್ ಮತ್ತು ಅರ್ಲ್ ಕೂಯಿ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು, ಗ್ಲೂಕೋಸನ್ನು ಫ್ರಕ್ಟೋಸ್ ಮಾಡಬಲ್ಲ ಕಿಣ್ವವನ್ನು ಕುರಿತು ಬರೆದರು. ಅದನ್ನು ಕಾರ್ಖಾನೆಗೆ ಒಗ್ಗುವಂತೆ ಮಾಡಿದ್ದು ಜಪಾನ್ ದೇಶದಲ್ಲಿ. ಅಲ್ಲಿಯ ಯೋಶಿಯುಕಿ ತಕಸಾಕಿ ಎಂಬುವರು ೧೯೬೦ರ ದಶಕದಲ್ಲಿ, ಬಿಸಿಯಲ್ಲಿಯೂ ಕೆಡದೆ ಕೆಲಸ ಮಾಡುವ ಕಿಣ್ವವನ್ನು ಬಳಸಿ ತೋರಿಸಿದರು. ಅಮೆರಿಕದ ಅಯೋವಾ ಸಂಸ್ಥಾನದ ಒಂದು ಜೋಳದ ಕಂಪನಿಯು ಆ ವಿಧಾನವನ್ನು ಪಡೆದು, ೧೯೬೭ರಲ್ಲಿ ಮೊದಲ ಪಾಕವನ್ನು ಮಾರುಕಟ್ಟೆಗೆ ಬಿಟ್ಟಿತು.

ಆಗ ಅದಕ್ಕೆ ದೊಡ್ಡ ಬೇಡಿಕೆ ಇರಲಿಲ್ಲ. ೧೯೭೪ರಲ್ಲಿ ಜಗತ್ತಿನಾದ್ಯಂತ ಸಕ್ಕರೆಯ ಬೆಲೆ ಏಕಾಏಕಿ ಏರಿತು. ೧೯೮೨ರಲ್ಲಿ ಅಮೆರಿಕ ಸರ್ಕಾರವು ಹೊರಗಿನಿಂದ ಬರುವ ಸಕ್ಕರೆಗೆ ಮಿತಿ ಹಾಕಿತು. ಇದರಿಂದ ಆ ದೇಶದೊಳಗೆ ಸಕ್ಕರೆ ತುಟ್ಟಿಯಾಗಿಯೇ ಉಳಿಯಿತು. ಆದರೆ ಅಲ್ಲಿ ಜೋಳ ಹೇರಳ. ಅಯೋವಾ, ಇಲಿನಾಯ್ ಮುಂತಾದ ಸಂಸ್ಥಾನಗಳಲ್ಲಿ ಕಣ್ಣು ಹಾಯುವವರೆಗೂ ಅದೇ ಬೆಳೆ. ತುಟ್ಟಿಯಾದ ಸಕ್ಕರೆಯನ್ನು ಬಿಟ್ಟು ಅಗ್ಗದ ಪಾಕವನ್ನು ಹಿಡಿಯುವುದು ವ್ಯಾಪಾರಿಗೆ ಲಾಭವಾಯಿತು. ಕೋಕಾ ಕೋಲಾ ಕಂಪನಿಯು ೧೯೮೦ರಲ್ಲಿ ಅರ್ಧ ಸಕ್ಕರೆಯ ಬದಲು ಈ ಪಾಕವನ್ನು ಬಳಸಲು ಒಪ್ಪಿತು. ೧೯೮೪ರಲ್ಲಿ ಅದೂ, ಪೆಪ್ಸಿಯೂ ಅಮೆರಿಕದಲ್ಲಿ ಪೂರ್ತಿಯಾಗಿ ಪಾಕಕ್ಕೆ ಬದಲಾದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಪಾಕವು ಆರೋಗ್ಯಕ್ಕೆ ಒಳ್ಳೆಯದೆಂದು ಬರಲಿಲ್ಲ, ಕೆಟ್ಟದ್ದು ಮಾಡಬೇಕೆಂದೂ ಬರಲಿಲ್ಲ. ಅಗ್ಗವೆಂದು ಬಂದಿತು. ಸಿಹಿ ಅಗ್ಗವಾದಾಗ ಬಾಟಲಿ ದೊಡ್ಡದಾಗುವುದು ಸುಲಭ. ಕೋಕಾ ಕೋಲಾದ ಹಳೆಯ ಗಾಜಿನ ಬಾಟಲಿಯಲ್ಲಿ ಸುಮಾರು ೧೯೨ ಮಿಲಿಲೀಟರ್ ಹಿಡಿಯುತ್ತಿತ್ತು. ಈಗ ಅಮೆರಿಕದ ಅಂಗಡಿಯಲ್ಲಿ ಒಬ್ಬನೇ ಕುಡಿಯಲೆಂದು ಮಾರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಸುಮಾರು ೫೯೧ ಮಿಲಿಲೀಟರ್ ಇರುತ್ತದೆ. ಅದರೊಳಗಿನ ಸಿಹಿ ೬೫ ಗ್ರಾಂ. ಅಂದರೆ ಹದಿನಾರು ಸಣ್ಣ ಚಮಚ!

ಪಾಕದ ಮೇಲೆ ಬಂದ ಆರೋಪ

೨೦೦೪ರಲ್ಲಿ ಜಾರ್ಜ್ ಬ್ರೇ ಮತ್ತು ಇಬ್ಬರು ಸಂಗಡಿಗರು ಒಂದು ಲೇಖನ ಬರೆದು, ಅಮೆರಿಕದ ಬೊಜ್ಜಿಗೂ ಈ ಪಾಕಕ್ಕೂ ಸಂಬಂಧವಿರಬಹುದೆಂದು ಸೂಚಿಸಿದರು. ಪಾಕದ ಬಳಕೆ ಏರಿದ ವರ್ಷಗಳಲ್ಲಿಯೇ ಬೊಜ್ಜೂ ಏರಿತ್ತು. ಸುದ್ದಿ ಹರಡಿತು, "ಇರಬಹುದು" ಎಂದಿದ್ದುದು ಬಾಯಿಂದ ಬಾಯಿಗೆ ಹೋಗಿ "ಇದೆ" ಎಂದಾಯಿತು.

ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಪ್ಪೆ ಕೂಗಿದ ರಾತ್ರಿ ಮಳೆ ಬಂದರೆ, ಮಳೆ ತಂದದ್ದು ಕಪ್ಪೆ ಎನ್ನುವುದಿಲ್ಲ. ಇಂಥ ಸಂದೇಹವನ್ನು ಪರೀಕ್ಷಿಸಲು ಎರಡು ದಾರಿಗಳಿವೆ.

ಮೊದಲನೆಯ ದಾರಿ: ಪಾಕ ಕಡಿಮೆಯಾದಾಗ ಬೊಜ್ಜೂ ಕಡಿಮೆಯಾಯಿತೇ ಎಂದು ನೋಡುವುದು. ಅಮೆರಿಕದಲ್ಲಿ ತಲಾ ಪಾಕದ ಬಳಕೆಯು ೧೯೯೯ರ ಸುಮಾರಿಗೆ ತುದಿ ಮುಟ್ಟಿ ಆ ಬಳಿಕ ಇಳಿಯುತ್ತ ಬಂದಿದೆ. ಆದರೆ ಆ ದೇಶದ ವಯಸ್ಕರಲ್ಲಿ ಬೊಜ್ಜು ಇರುವವರು ೧೯೯೯–೨೦೦೦ದಲ್ಲಿ ನೂರಕ್ಕೆ ೩೦.೫ ಇದ್ದವರು, ೨೦೧೭ರಿಂದ ೨೦೨೦ರ ಮಾರ್ಚಿವರೆಗಿನ ಅಳತೆಯಲ್ಲಿ ೪೧.೯ ಆದರು. ಪಾಕ ಇಳಿಯಿತು, ಬೊಜ್ಜು ಇಳಿಯಲಿಲ್ಲ. ಆದುದರಿಂದ ಪಾಕವೊಂದೇ ಕಾರಣವೆಂದು ಹೇಳಲಾಗದು.

ಎರಡನೆಯ ದಾರಿ: ಪಕ್ಕಪಕ್ಕದ ಎರಡು ಮಡಿಗಳಿಗೆ ಬೇರೆ ಬೇರೆ ಗೊಬ್ಬರ ಹಾಕಿ ನೋಡುವಂತೆ, ಒಂದು ಗುಂಪಿನ ಜನರಿಗೆ ಸಕ್ಕರೆಯನ್ನೂ ಇನ್ನೊಂದು ಗುಂಪಿಗೆ ಅಷ್ಟೇ ತೂಕದ ಪಾಕವನ್ನೂ ಕೊಟ್ಟು ನೋಡುವುದು. ಇಂಥ ಪರೀಕ್ಷೆಗಳು ನಡೆದಿವೆ. ಮೈತೂಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ೨೦೦೮ರಲ್ಲಿ ಅಮೆರಿಕದ ವೈದ್ಯರ ಸಂಘವೂ, ಬೊಜ್ಜಿನ ವಿಷಯದಲ್ಲಿ ಈ ಪಾಕವು ಇತರ ಸಿಹಿಗಳಿಗಿಂತ ಹೆಚ್ಚು ಕೆಟ್ಟದ್ದಾಗಿ ಕಾಣುವುದಿಲ್ಲವೆಂದು ಹೇಳಿತು.

ಇಷ್ಟು ಕೇಳಿ, "ಸರಿ, ಪಾಕ ಒಳ್ಳೆಯದು" ಎಂದು ಏಳಬೇಡಿರಿ. ಪಾಕ ಸಕ್ಕರೆಗಿಂತ ಕೆಟ್ಟದ್ದಲ್ಲ ಎಂದರೆ, ಸಕ್ಕರೆಯು ಪಾಕಕ್ಕಿಂತ ಒಳ್ಳೆಯದಲ್ಲ ಎಂದೂ ಆಯಿತು. ಮುಖ್ಯವಾದ ಪಾಠ ಇರುವುದು ಇಲ್ಲಿಯೇ.

ಹೆಚ್ಚಾದ ಸಿಹಿ ದೇಹದಲ್ಲಿ ಏನು ಮಾಡುತ್ತದೆ?

ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸಿನ ಹೊರೆ ಬಹುಮಟ್ಟಿಗೆ ಯಕೃತ್ತಿನ ಮೇಲೆ, ಅಂದರೆ ಪಿತ್ತಜನಕಾಂಗದ ಮೇಲೆ ಬೀಳುತ್ತದೆ. ಸ್ವಲ್ಪ ಬಂದರೆ ಅದು ಸುಧಾರಿಸಿಕೊಳ್ಳುತ್ತದೆ. ದಿನವೂ ಬಾಟಲಿಗಟ್ಟಲೆ ಬಂದು, ದೇಹಕ್ಕೆ ಬೇಕಾದುದಕ್ಕಿಂತ ಶಕ್ತಿ ಹೆಚ್ಚಾದರೆ, ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಆ ಕೊಬ್ಬು ಕೆಲಪಾಲು ಅಲ್ಲಿಯೇ ಕೂಡುತ್ತದೆ, ಕೆಲಪಾಲು ರಕ್ತಕ್ಕೆ ಸೇರುತ್ತದೆ. ಕಾಲಕ್ರಮದಲ್ಲಿ ಸಕ್ಕರೆ ಕಾಯಿಲೆಗೆ ಇದು ದಾರಿ ಮಾಡಿಕೊಡಬಹುದು.

ಕುಡಿಯುವ ಸಿಹಿ ತಿನ್ನುವ ಸಿಹಿಗಿಂತ ಹೆಚ್ಚು ಮೋಸಗಾರ. ಅದು ಹೊಟ್ಟೆ ತುಂಬಿಸುವುದಿಲ್ಲ. ಬಾಟಲಿ ಖಾಲಿ ಮಾಡಿದ ಹುಡುಗನು ಊಟವನ್ನು ಕಡಿಮೆ ಮಾಡುವುದಿಲ್ಲ. ಹಣ್ಣಿನ ವಿಷಯ ಬೇರೆ. ಹಣ್ಣಿನಲ್ಲಿ ಫ್ರಕ್ಟೋಸ್ ಇದ್ದರೂ ನಾರು ಇದೆ, ನೀರು ಇದೆ, ಅಗಿದು ತಿನ್ನಬೇಕಾಗುತ್ತದೆ. ಆದುದರಿಂದ ಫ್ರಕ್ಟೋಸಿನ ಹೆಸರು ಕೇಳಿ ಮಕ್ಕಳಿಗೆ ಸೀಬೆ, ಬಾಳೆ, ಪರಂಗಿ ತಪ್ಪಿಸಬೇಡಿರಿ.

ಇದು ನಮ್ಮ ಬಾಗಿಲಿಗೆ ಬಂದಿದೆಯೇ?

ನಮ್ಮ ದೇಶದಲ್ಲಿ ಸಿಹಿಯೆಂದರೆ ಹೆಚ್ಚಾಗಿ ಕಬ್ಬಿನದೇ. ಜೋಳದ ಪಾಕ ಇಲ್ಲಿ ಅಮೆರಿಕದಷ್ಟು ಬಳಕೆಯಲ್ಲಿಲ್ಲ. ಆದರೆ ಸಕ್ಕರೆ ಕಾಯಿಲೆ ಬರಲು ಜೋಳದ ಪಾಕಕ್ಕಾಗಿ ಕಾಯಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಪರಿಶೀಲನೆಯಂತೆ, ವಯಸ್ಕರಲ್ಲಿ ನೂರಕ್ಕೆ ೧೧.೪ ಮಂದಿಗೆ ಈ ಕಾಯಿಲೆ ಇದೆ. ಹಳ್ಳಿಗಳಲ್ಲಿಯೂ ನೂರಕ್ಕೆ ಸುಮಾರು ೯ ಮಂದಿ. ಇದು ಪಟ್ಟಣದವರ ಕಾಯಿಲೆ ಎಂಬ ಕಾಲ ಹೋಯಿತು. ಇದಕ್ಕೆ ಸಕ್ಕರೆಯೊಂದೇ ಕಾರಣವಲ್ಲ. ವಂಶ, ಮೈತೂಕ, ಕಡಿಮೆಯಾದ ದುಡಿಮೆ, ಹೆಚ್ಚಾದ ಬಿಳಿ ಅಕ್ಕಿ ಎಲ್ಲವೂ ಸೇರಿವೆ. ಆದರೆ ನಮ್ಮ ಕೈಯಲ್ಲಿ ಸುಲಭವಾಗಿ ಹಿಡಿತಕ್ಕೆ ಬರುವುದು ಸಿಹಿಯೇ.

ಜೋಳ ಬೆಳೆಯುವವರು ಅಂಜಬೇಕಾಗಿಲ್ಲ. ದಾವಣಗೆರೆ, ಹಾವೇರಿ ಕಡೆಯ ಮುಸುಕಿನ ಜೋಳವು ಹೆಚ್ಚಾಗಿ ಕೋಳಿ ಆಹಾರಕ್ಕೂ, ಪಿಷ್ಟದ ಕಾರ್ಖಾನೆಗೂ, ಈಚೆಗೆ ಎಥನಾಲಿಗೂ ಹೋಗುತ್ತದೆ. ಜೋಳದ ರೊಟ್ಟಿ, ಸುಟ್ಟ ತೆನೆ ಇವುಗಳಿಗೂ ಆ ಪಾಕಕ್ಕೂ ಕಬ್ಬಿನ ಜಲ್ಲೆಗೂ ಸಕ್ಕರೆ ಡಬ್ಬಿಗೂ ಇರುವಷ್ಟೇ ವ್ಯತ್ಯಾಸವಿದೆ.

ಎಷ್ಟು ಸಿಹಿ ಸಾಕು?

ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಒಂದು ಅಳತೆ ಹೇಳಿದೆ. ಸಕ್ಕರೆ, ಬೆಲ್ಲ, ಜೇನು, ಪಾಕ, ಹಣ್ಣಿನ ರಸ ಎಲ್ಲವೂ ಸೇರಿ, ದಿನದ ಆಹಾರದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಇರಬೇಕು; ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ ೨೦೦೦ ಕ್ಯಾಲೊರಿ ಉಣ್ಣುವ ವಯಸ್ಕನಿಗೆ ಇದು ೫೦ ಗ್ರಾಂ ಮತ್ತು ೨೫ ಗ್ರಾಂ ಆಗುತ್ತದೆ. ಮಕ್ಕಳಿಗೆ ಇದಕ್ಕಿಂತ ಕಡಿಮೆ.

ಈಗ ಮನೆಯ ಲೆಕ್ಕ ಮಾಡೋಣ. ಐದು ಜನರ ಸಂಸಾರ, ತಲೆಗೆ ೨೫ ಗ್ರಾಂ, ೩೦ ದಿನ: ೩ ಕಿಲೋ ೭೫೦ ಗ್ರಾಂ. ತಲೆಗೆ ೫೦ ಗ್ರಾಂ ಎಂದರೆ ೭½ ಕಿಲೋ. ನಿಮ್ಮ ಮನೆಯಲ್ಲಿ ತಿಂಗಳಿಗೆ ಸಕ್ಕರೆ, ಬೆಲ್ಲ ಎರಡೂ ಸೇರಿ ಎಷ್ಟು ತರುತ್ತೀರಿ ಎಂದು ಮನೆಯವರನ್ನು ಕೇಳಿರಿ. ಅಂಗಡಿಯ ಬಿಸ್ಕತ್ತು, ಬಾಟಲಿಗಳ ಸಿಹಿಯನ್ನು ಅದಕ್ಕೆ ಕೂಡಿಸಿರಿ. ಏಳೂವರೆ ಕಿಲೋ ದಾಟಿದರೆ ಎಚ್ಚರ ಬೇಕು.

ಚಹದ ಲೆಕ್ಕವೂ ಆಗಲಿ. ಸಮಮಟ್ಟದ ಒಂದು ಸಣ್ಣ ಚಮಚ ಸಕ್ಕರೆ ಸುಮಾರು ೪ ಗ್ರಾಂ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಸಲ ಚಹ ಕುಡಿದರೆ ೩೨ ಗ್ರಾಂ. ಬಾಟಲಿ ಮುಟ್ಟದವನೂ ಚಹದಲ್ಲಿಯೇ ೨೫ ಗ್ರಾಂ ದಾಟಿದ್ದಾನೆ.

ಚೀಟಿ ಓದುವ ಕ್ರಮ

ಪ್ಯಾಕೆಟ್ಟಿನ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವುದು ಹೆಚ್ಚು ತೂಕದ್ದೋ ಅದು ಮೊದಲು ಬರಬೇಕೆಂದು ನಿಯಮವಿದೆ. ಶುಗರ್, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಇವೆಲ್ಲವೂ ಸಿಹಿಯ ಹೆಸರುಗಳೇ. ಪಕ್ಕದ ಕೋಷ್ಟಕದಲ್ಲಿ "ಆಡೆಡ್ ಶುಗರ್ಸ್", ಅಂದರೆ ಹೊರಗಿನಿಂದ ಸೇರಿಸಿದ ಸಕ್ಕರೆ, ಎಂಬ ಸಾಲನ್ನು ಹುಡುಕಿರಿ. ನಮ್ಮ ದೇಶದ ೨೦೨೦ರ ಚೀಟಿಯ ನಿಯಮಗಳಲ್ಲಿ ಇದು ಸೇರಿದೆ. ೧೦೦ ಮಿಲಿಲೀಟರಿಗೆ ೧೧ ಗ್ರಾಂ ಎಂದಿದ್ದರೆ, ೨೫೦ ಮಿಲಿಲೀಟರ್ ಬಾಟಲಿಯಲ್ಲಿ ೨೭½ ಗ್ರಾಂ. ಪ್ರೌಢಶಾಲೆಯ ಮಕ್ಕಳು ಈ ಲೆಕ್ಕವನ್ನು ಮನೆಯವರಿಗೆ ಓದಿ ಹೇಳಬಲ್ಲರು.

ನಮ್ಮ ಊರುಗಳಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮಕ್ಕಳಿಗೂ ಇದೇ ಮಾತು. ಅಲ್ಲಿಯ ಕೆಲವು ಬ್ರೆಡ್ಡು, ಟೊಮೇಟೊ ಸಾಸು, ಮೊಸರಿನಲ್ಲಿಯೂ ಪಾಕ ಅಡಗಿರುತ್ತದೆ. ಪಾಕವಿರುವ ಪದಾರ್ಥದಲ್ಲಿ ಸಿಹಿ ಹೆಚ್ಚಿರುವುದು ವಾಡಿಕೆಯಾದುದರಿಂದ, ಅದನ್ನು ಬಿಡುವುದು ಒಳ್ಳೆಯದೇ. ಆದರೆ ಅದರ ಬದಲು ಕಬ್ಬಿನ ಸಕ್ಕರೆಯ ಬಾಟಲಿ ಹಿಡಿದರೆ ಪ್ರಯೋಜನವಿಲ್ಲ. ೨೦೨೫ರ ಜುಲೈಯಲ್ಲಿ ಕೋಕಾ ಕೋಲಾ ಕಂಪನಿಯು ಅಮೆರಿಕದಲ್ಲಿ ಕಬ್ಬಿನ ಸಕ್ಕರೆಯ ಪಾನೀಯವನ್ನೂ ತರುವುದಾಗಿ ಹೇಳಿತು. ರುಚಿ ಬೇರೆಯಾಗಬಹುದು, ಸಿಹಿ ಅಷ್ಟೇ ಇದ್ದರೆ ಯಕೃತ್ತಿನ ಹೊರೆಯೂ ಅಷ್ಟೇ.

ಕೆಲವು ಸಂದೇಹಗಳು

ಪ್ರಶ್ನೆ: ಬೆಲ್ಲ ತಿಂದರೆ ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲವಂತೆ, ನಿಜವೇ?
ಉತ್ತರ: ನಿಜವಲ್ಲ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣಾಂಶವಿದ್ದರೂ ಬಹುಪಾಲು ಸಕ್ಕರೆಯೇ. ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ.

ಪ್ರಶ್ನೆ: ವಾಂತಿಭೇದಿಯಾದ ಮಗುವಿಗೆ ಕೊಡುವ ಓ.ಆರ್.ಎಸ್. ಪುಡಿಯಲ್ಲಿಯೂ ಗ್ಲೂಕೋಸ್ ಇದೆಯಲ್ಲ?
ಉತ್ತರ: ಇದೆ, ಇರಲೇಬೇಕು. ಲೀಟರಿಗೆ ೧೩½ ಗ್ರಾಂ ಮಾತ್ರ. ಅದು ಉಪ್ಪು, ನೀರು ಕರುಳಿನಲ್ಲಿ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಅದು ಔಷಧ. ತಪ್ಪದೆ ಕೊಡಿರಿ. ತಂಪು ಪಾನೀಯವು ಅದಕ್ಕೆ ಬದಲಲ್ಲ.

ಪ್ರಶ್ನೆ: ಹಬ್ಬಕ್ಕೆ ಹೋಳಿಗೆ, ಪಾಯಸ ಬಿಡಬೇಕೆ?
ಉತ್ತರ: ಆರೋಗ್ಯವಂತರು ಬಿಡಬೇಕಾಗಿಲ್ಲ. ಕೆಡಿಸುವುದು ವರ್ಷದ ಹಬ್ಬವಲ್ಲ, ದಿನದಿನದ ಅಭ್ಯಾಸ. ಕಾಯಿಲೆ ಇರುವವರು ವೈದ್ಯರ ಮಾತಿನಂತೆ ನಡೆಯತಕ್ಕದ್ದು.

ಪ್ರಶ್ನೆ: ನಾವು ಕಬ್ಬು ಬೆಳೆಯುವವರು. ಸಕ್ಕರೆ ಕಡಿಮೆ ತಿನ್ನಿರಿ ಎಂದು ನಾವೇ ಹೇಳಿದರೆ ನಮ್ಮ ಗತಿ?
ಉತ್ತರ: ಇದು ನ್ಯಾಯವಾದ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ರೈತನು ಅದನ್ನು ತನ್ನ ಮಗುವಿನ ಕೈಗೆ ಕೊಡುವುದಿಲ್ಲ. ಸಕ್ಕರೆ ಹೊಗೆಸೊಪ್ಪಿನಂಥದಲ್ಲ, ಮಿತದಲ್ಲಿ ಅದು ಆಹಾರವೇ. ಆದರೂ ಬೆಳೆಯುವುದು ಬೇರೆ, ಮಿತಿಮೀರಿ ತಿನ್ನುವುದು ಬೇರೆ. ಕಬ್ಬಿನ ಬೆಲೆಗಾಗಿ ಸಂಘ ಕಟ್ಟಿ ಹೋರಾಡೋಣ. ಎಥನಾಲಿನಂಥ ಹೊಸ ಬಳಕೆಯ ಲಾಭ ರೈತನಿಗೂ ಬರಲೆಂದು ಕೇಳೋಣ. ಆ ಬೆಲೆಯನ್ನು ನಮ್ಮ ಮಕ್ಕಳ ಮೈಯಿಂದ ತೆರುವುದು ಬೇಡ.

ಮನೆಯಲ್ಲಿ ಮಾಡತಕ್ಕದ್ದು

೧. ಚಹದ ಸಕ್ಕರೆಯನ್ನು ಎರಡು ವಾರಕ್ಕೊಮ್ಮೆ ಅರ್ಧ ಚಮಚದಂತೆ ಇಳಿಸಿರಿ. ನಾಲಿಗೆ ಮೆಲ್ಲಗೆ ಹೊಂದಿಕೊಳ್ಳುತ್ತದೆ.
೨. ಬಾಯಾರಿಕೆಗೆ ನೀರು, ಮಜ್ಜಿಗೆ, ರಾಗಿ ಅಂಬಲಿ ಇರಲಿ. ಕೂಲಿಯಾಳಿಗೂ ಬಂದ ನೆಂಟರಿಗೂ ಬಾಟಲಿಯೇ ಮರ್ಯಾದೆ ಎಂಬ ಭಾವನೆ ಹೋಗಲಿ.
೩. ಮಕ್ಕಳ ಕೈಗೆ ಬಿಡಿ ಕಾಸು ಕೊಡುವ ಬದಲು ಕಡಲೆಕಾಯಿ, ಬೇಯಿಸಿದ ಕಾಳು, ಹಣ್ಣು ಕೊಡಿರಿ.
೪. ಮೂವತ್ತು ವರ್ಷ ದಾಟಿದವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಿಕೊಳ್ಳಿರಿ.

ಸಂಘದಲ್ಲಿ ಚರ್ಚಿಸಲು

ಯುವಕ ಸಂಘದವರೂ ಮಹಿಳಾ ಸಂಘದವರೂ ಮುಂದಿನ ಸಭೆಗೆ ತಮ್ಮ ಮನೆಗೆ ಬಂದ ಐದು ಖಾಲಿ ಪ್ಯಾಕೆಟ್ಟುಗಳನ್ನು ತರಲಿ. ಪ್ರತಿಯೊಂದರಲ್ಲಿ ಸಿಹಿಗೆ ಎಷ್ಟು ಹೆಸರುಗಳಿವೆ? ಇಡೀ ಪ್ಯಾಕೆಟ್ಟಿಗೆ ಎಷ್ಟು ಚಮಚ ಸಕ್ಕರೆ? ನಿಮ್ಮ ಊರಿನ ಅಂಗಡಿಯಲ್ಲಿ ಶಾಲೆ ಬಿಟ್ಟ ಹೊತ್ತಿಗೆ ಮಕ್ಕಳು ಏನು ಕೊಳ್ಳುತ್ತಾರೆ? ಇವನ್ನು ಬರೆದಿಡಿರಿ. ಪಾಕವೋ, ಸಕ್ಕರೆಯೋ, ಬೆಲ್ಲವೋ ಎಂದು ಹೆಸರು ಹಿಡಿದು ವಾದಿಸುವುದಕ್ಕಿಂತ, ಎಷ್ಟು ಎಂದು ತೂಗಿ ನೋಡುವುದು ಬೇಸಾಯಗಾರನಿಗೆ ಒಪ್ಪುವ ಕೆಲಸ.

— ಗ್ರಾಮಸೇವಕ